ಫೈನಲ್‌ಗೆ ಮುನ್ನ ತೆಗೆದ ಹೆಸರು

ನಿಲಾಯ್, ಮಲೇಷ್ಯಾ
2 ಫೆಬ್ರುವರಿ 2024

ಶ್ರೀ ಮಧ್ವರಾಜ ಅವರಿಗೆ,

ನಾನು ಇಲ್ಲಿನ ಒಂದು ವಿಶ್ವವಿದ್ಯಾಲಯದ ಮ್ಯೂಸಿಯಂನಲ್ಲಿ ಕೆಲಸ ಮಾಡುತ್ತೇನೆ. ಬರುವ ಜೂನ್‌ನಲ್ಲಿ ನಾವೊಂದು ಪ್ರದರ್ಶನ ಏರ್ಪಡಿಸುತ್ತಿದ್ದೇವೆ. 1913ರಲ್ಲಿ ಕ್ಲಾಂಗ್ ಬಂದರಿನ ಪಕ್ಕದ ಒಂದು ಕ್ಲಬ್ಬಿನ ಹುಲ್ಲಿನ ಅಂಗಳದಲ್ಲಿ ನಡೆದ ಮಲಯಾ ರಾಷ್ಟ್ರೀಯ ಟೆನಿಸ್ ಚಾಂಪಿಯನ್‌ಶಿಪ್ ಅದರ ವಿಷಯ. ಆ ಕ್ಲಬ್ ಮುಚ್ಚಿ ಎಷ್ಟೋ ವರ್ಷಗಳಾದವು. ಅಂಗಳವಿದ್ದ ಜಾಗದಲ್ಲಿ ಈಗ ಕಂಟೇನರುಗಳನ್ನು ಪೇರಿಸಿಡುತ್ತಾರೆ. ಕ್ಲಬ್ಬಿನ ಹಳೆಯ ಕಡತಗಳು ಮಾತ್ರ ನಮ್ಮಲ್ಲಿಗೆ ಬಂದಿವೆ.

ಆ ವರ್ಷ ಫೈನಲ್ ತಲುಪಿದ ಇಬ್ಬರಲ್ಲಿ ಒಬ್ಬರು ಮಂಗಳೂರು ಕಡೆಯ ಯಜ್ಞನಾರಾಯಣ, ಬಂದರು ಕಚೇರಿಯ ಗುಮಾಸ್ತರು. ನೀವು ಅವರ ಮೊಮ್ಮಗ ಎಂದು ತಿಳಿದಿದೆ. ಅವರ ಬಗ್ಗೆ ಗೋಡೆಗೆ ಹಾಕಲಿರುವ ಫಲಕದಲ್ಲಿ ಸದ್ಯ ಇಷ್ಟೇ ಇದೆ: “ಫೈನಲ್‌ಗೆ ಮುನ್ನ ಹಿಂದೆ ಸರಿದರು.” ಇದಕ್ಕೆ ಸೇರಿಸುವಂಥ ಅಥವಾ ಇದನ್ನು ತಿದ್ದುವಂಥ ದಾಖಲೆ ನಿಮ್ಮ ಬಳಿ ಇದ್ದರೆ ಪ್ರತಿ ಕಳಿಸಿ. ಮನೆಯಲ್ಲಿ ಹೇಳಿಕೊಂಡು ಬಂದ ಕಥೆಗಳು ಬೇಡ. ಕಾಗದ ಇದ್ದರೆ ಸಾಕು.

ಕನ್ನಡ ಬರುವ ಕಾರಣ ಈ ಪತ್ರ ವ್ಯವಹಾರ ನನ್ನ ಪಾಲಿಗೆ ಬಂದಿದೆ.

ಡಾ. ಎಫ್. ಅಸದ್

—

ಮಂಗಳೂರು
19 ಫೆಬ್ರುವರಿ 2024

ಡಾ. ಅಸದ್ ಸಾಹೇಬರೇ,

ಗೋಡೆಗೆ ಅಂಟಿಸುವ ಮುನ್ನ ಕೇಳಿದ್ದು ಒಳ್ಳೆಯದಾಯಿತು. ಕೇಳದೆ ಅಂಟಿಸಿದ್ದರೆ ವಿಮಾನ ಹತ್ತಿ ಬಂದು ಕಿತ್ತುಹಾಕುತ್ತಿದ್ದೆ. ವಯಸ್ಸು ಎಪ್ಪತ್ತಮೂರು, ಆದರೆ ಕೈಗೆ ಇನ್ನೂ ಶಕ್ತಿ ಇದೆ. ಮೂವತ್ತೊಂದು ವರ್ಷ ಟೆನಿಸ್ ಕಲಿಸಿದ ಕೈ.

ನನ್ನ ಅಜ್ಜ ಹಿಂದೆ ಸರಿಯಲಿಲ್ಲ, ಗೆದ್ದರು. ಎದುರಾಳಿ ಒಬ್ಬ ರಬ್ಬರ್ ತೋಟದ ದೊರೆ. ಕಚ್ಚೆಪಂಚೆ ಉಟ್ಟು ಅವನನ್ನು ಮೂರು ನೇರ ಸೆಟ್‌ಗಳಲ್ಲಿ ಮುಗಿಸಿದರು. ಗುಮಾಸ್ತನಿಗೆ ಕಪ್ ಕೊಡಲು ಬಿಳಿಯರಿಗೆ ಮನಸ್ಸಾಗಲಿಲ್ಲ. ಪುಸ್ತಕದಲ್ಲಿ ಹೆಸರನ್ನೇ ಹೊಡೆದುಹಾಕಿದರು. ಇದನ್ನು ಅಜ್ಜ ನನಗೆ ಸ್ವತಃ ಹೇಳಿದ್ದು, ನನಗಾಗ ಒಂಬತ್ತು ವರ್ಷ. ನಿಮಗೆ ಕಾಗದ ಬೇಕಲ್ಲವೇ? 1913ರಲ್ಲಿ ಅವರು ಅಜ್ಜಿಗೆ ಬರೆದ ಪತ್ರ ನನ್ನ ಕಪಾಟಿನಲ್ಲಿದೆ. ಫಲಕ ತಿದ್ದಿದ ಫೋಟೊ ಬರಲಿ, ಪ್ರತಿ ಕಳಿಸುತ್ತೇನೆ. ಅದಕ್ಕೂ ಮೊದಲು ಕಳಿಸುವುದಿಲ್ಲ.

ಕಡೇ ಗಳಿಗೆಯಲ್ಲಿ ಒಂದು ಹೆಸರು ತೆಗೆಯುವುದು ಎಂಥ ಸಂಕಟ ಎಂದು ನಿಮ್ಮಂಥ ಕಡತದ ಜನಕ್ಕೆ ಗೊತ್ತಾಗದು. ನನಗೆ ಗೊತ್ತು. 2000ನೇ ಇಸವಿಯ ಡಿಸೆಂಬರ್‌ನಲ್ಲಿ ನಮ್ಮ ಪಡುಗುಡ್ಡೆ ಕ್ಲಬ್ಬಿನಲ್ಲಿ ಹದಿನಾರರ ಹುಡುಗಿಯೊಬ್ಬಳಿದ್ದಳು. ಬಂದರಿನ ಹಗ್ಗದ ವ್ಯಾಪಾರಿಯ ಮಗಳು. ಕೋಲ್ಕತ್ತದಲ್ಲಿ ಹುಲ್ಲಿನ ಅಂಗಳದ ಜೂನಿಯರ್ ಟೂರ್ನಿಗೆ ನಮ್ಮ ಕ್ಲಬ್ಬಿನಿಂದ ಒಬ್ಬರಿಗೆ ಅವಕಾಶ, ಅವಳೇ ಹೋಗಬೇಕಿತ್ತು. ಮಣಿಕಟ್ಟಿನ ಪೆಟ್ಟನ್ನು ಎಲ್ಲರಿಂದ ಮುಚ್ಚಿಟ್ಟಿದ್ದಳು. ಅವಳ ಕೈ ಉಳಿಯಲಿ ಎಂದು ನಾನೇ ಹೆಸರು ತೆಗೆಸಿದೆ. ಆ ದಿನ ಮನೆಗೆ ಬಂದು ಊಟ ಮಾಡಲಿಲ್ಲ. ಅವಳು ಮತ್ತೆ ಅಂಗಳದ ಕಡೆ ಬರಲೇ ಇಲ್ಲ. ಹುಡುಗಿಯರಿಗೆ ಛಲ ಕಡಿಮೆ.

ಇದನ್ನೇಕೆ ಬರೆದೆ ಎಂದರೆ, ನಿಮ್ಮ ಜೊತೆ ಮಾತಾಡುತ್ತಿರುವವನು ಸತ್ಯಕ್ಕಾಗಿ ನಷ್ಟ ಅನುಭವಿಸಿದವನು ಎಂಬುದು ನಿಮಗೆ ತಿಳಿದಿರಲಿ.

ಮಧ್ವರಾಜ

—

ನಿಲಾಯ್
8 ಮಾರ್ಚ್ 2024

ಮಧ್ವರಾಜ ಸರ್,

ಅಸದ್ ನನ್ನ ಗಂಡನ ಹೆಸರು. ಎಫ್ ಎಂದರೆ ಫರೀಹಾ. ಹಗ್ಗದ ವ್ಯಾಪಾರಿ ಮುಕ್ತಾರ್ ಅವರ ಮಗಳು. ನೀವು ಊಟ ಬಿಟ್ಟದ್ದು ನನಗಾಗಿ.

ನನ್ನ ಮಣಿಕಟ್ಟಿಗೆ ಏನೂ ಆಗಿರಲಿಲ್ಲ. ಅದು ನನಗೆ ಗೊತ್ತು, ನಿಮಗೂ ಗೊತ್ತು. ಗೊತ್ತಿಲ್ಲದವರು ನನ್ನ ಅಬ್ಬ ಒಬ್ಬರೇ.

ಮಂಗಳೂರು ಸ್ಟೇಷನ್, ಕೋಲ್ಕತ್ತಕ್ಕೆ ಹೋಗಲು ಮಧ್ಯಾಹ್ನದ ಚೆನ್ನೈ ಗಾಡಿ. ನನ್ನ ಚೀಲದ ಜಿಪ್ ಕಿತ್ತುಹೋಗಿತ್ತು. ಅಬ್ಬ ಅಂಗಡಿಯಿಂದ ತಂದ ಹಗ್ಗ ಸುತ್ತಿ ಗಂಟು ಹಾಕುತ್ತಿದ್ದರು. ಆಗ ನೀವು ಬಂದಿರಿ. ನಿಮ್ಮ ಹಿಂದೆ ಕ್ಲಬ್ ಸೆಕ್ರೆಟರಿಯ ತಂಗಿಯ ಮಗಳು ಪೂರ್ವಿ, ಹೊಸ ಬೂಟು, ಹೊಸ ಸೂಟ್‌ಕೇಸ್. ನೀವು ನನ್ನ ಮುಖ ನೋಡಲಿಲ್ಲ. ಅಬ್ಬನ ಕೈಗೆ ಡಾಕ್ಟರ್ ಸರ್ಟಿಫಿಕೇಟ್ ಕೊಟ್ಟು ಹೇಳಿದಿರಿ:

“ಮಣಿಕಟ್ಟಿನ ಎಲುಬು ಬಿರುಕು ಬಿಟ್ಟಿದೆ ಸಾಹೇಬ್ರೇ. ನಿಮ್ಮಿಂದ ಅಡಗಿಸಿಟ್ಟಿದ್ದಾಳೆ. ಆಡಿದ್ರೆ ಕೈಯೇ ಹೋದೀತು.”

ನಾನು ಕೈಯನ್ನು ತಿರುಗಿಸಿ ತಿರುಗಿಸಿ ತೋರಿಸಿದೆ. “ಸರ್ ಸುಳ್ಳು ಹೇಳ್ತಿದ್ದಾರೆ ಅಬ್ಬ, ನಂಗೆ ನೋವೇ ಇಲ್ಲ” ಎಂದು ಪ್ಲಾಟ್‌ಫಾರ್ಮ್ ತುಂಬ ಕೇಳುವಂತೆ ಕಿರುಚಿದೆ. ಅಬ್ಬ ಕಾಗದವನ್ನು ಎರಡು ಸಲ ಓದಿದರು. ಒಂದು ಕಡೆ ಡಾಕ್ಟರ ಮೊಹರು, ಗೌರವದ ಮೇಷ್ಟ್ರು. ಇನ್ನೊಂದು ಕಡೆ ಕಿರುಚುವ ಮಗಳು. “ಸುಳ್ಳು ಹೇಳಿ ಆಡುವ ಆಟ ನಮಗೆ ಬೇಡ” ಎಂದು ನನ್ನ ಚೀಲ ಎತ್ತಿಕೊಂಡು ಹೊರಟುಬಿಟ್ಟರು. ಪೂರ್ವಿ ಗಾಡಿ ಹತ್ತಿದಳು.

ಆಮೇಲೆ ಅಬ್ಬ ನನ್ನನ್ನು ಓದಿಸಿದರು, ಮದುವೆ ಮಾಡಿದರು, ಮಲೇಷ್ಯಾಕ್ಕೆ ಹೊರಟಾಗ ಅತ್ತರು. ಆದರೆ ನಾನು ಹೇಳಿದ ಯಾವುದನ್ನೂ ಒಂದೇ ಸಲಕ್ಕೆ ನಂಬಲಿಲ್ಲ. ಎಂ.ಎ. ಅಂಕಪಟ್ಟಿ ತೋರಿಸಿದಾಗ ಅಂಕ ನೋಡುವ ಮೊದಲು ಮೊಹರು ನೋಡಿದರು. ನಮ್ಮಿಬ್ಬರ ನಡುವೆ ಟೆನಿಸ್ ಎಂಬ ಮಾತು ಬಂದು ಇಪ್ಪತ್ತಮೂರು ವರ್ಷಗಳಾದವು.

ಈಗ ನಿಮ್ಮ ಅಜ್ಜನ ಹೆಸರು ನನ್ನ ಮೇಜಿನ ಮೇಲಿದೆ. ನೀವು ಬಂದರಿಗೆ ಹೋಗಿ ಅಬ್ಬನ ಎದುರು ನಿಂತು, ಆ ಸರ್ಟಿಫಿಕೇಟ್ ಸುಳ್ಳು ಎಂದು ಹೇಳಬೇಕು. ನಿಮ್ಮ ಮನೆಯಿಂದ ಎರಡು ಕಿಲೋಮೀಟರ್ ಕೂಡ ಇಲ್ಲ. ಹೇಳಿದ್ದೀರಿ ಎಂದು ಅಬ್ಬನಿಂದ ತಿಳಿದ ಮೇಲೆ ಫಲಕ ತಿದ್ದುತ್ತೇನೆ. ಅಲ್ಲಿಯವರೆಗೆ ಯಜ್ಞನಾರಾಯಣ ಅವರು ಹಿಂದೆ ಸರಿದವರೇ.

ಫರೀಹಾ

—

ಮಂಗಳೂರು
27 ಮಾರ್ಚ್ 2024

ಶ್ರೀಮತಿ ಡಾಕ್ಟರ್ ಫರೀಹಾ ಅಸದ್ ಅವರಿಗೆ,

ತಾವು ದೊಡ್ಡವರಾಗಿದ್ದೀರಿ, ಆದ್ದರಿಂದ ‘ತಾವು’ ಎಂದೇ ಬರೆಯುತ್ತೇನೆ. ತಮ್ಮ ಪತ್ರವನ್ನು ಇಂಗ್ಲಿಷಿಗೆ ಮಾಡಿಸಿ, ಮೂಲದ ಪ್ರತಿಯನ್ನೂ ಸೇರಿಸಿ, ತಮ್ಮ ಮ್ಯೂಸಿಯಂ ಡೈರೆಕ್ಟರರಿಗೆ ಈ ಬೆಳಿಗ್ಗೆ ರಿಜಿಸ್ಟರ್ ಮಾಡಿದ್ದೇನೆ. ಸತ್ತ ಮನುಷ್ಯನ ಮಾನ ಒತ್ತೆ ಇಟ್ಟುಕೊಂಡು ಬದುಕಿರುವವನನ್ನು ಕುಣಿಸುವುದು ಅಲ್ಲಿಯ ವಿಶ್ವವಿದ್ಯಾಲಯದ ಪದ್ಧತಿಯೇ ಎಂದು ಕೇಳಿದ್ದೇನೆ.

ಹೆಸರು ಮುಚ್ಚಿಟ್ಟು ಬರೆದವರು ತಾವು. ನನ್ನಿಂದ ಮಾತು ಹೊರಡಿಸಲು ಬಲೆ ಬೀಸಿದವರು ತಾವು. ನನಗೆ ಸತ್ಯದ ಪಾಠ ಹೇಳಲು ಬರಬೇಡಿ.

ಇನ್ನೊಂದು ಮಾತು. ಕೋಲ್ಕತ್ತಕ್ಕೆ ಹೋಗಿದ್ದರೂ ತಾವು ಮೊದಲ ಸುತ್ತಿನಲ್ಲೇ ಸೋತು ಬರುತ್ತಿದ್ದಿರಿ. ಹುಲ್ಲಿನ ಮೇಲೆ ಚೆಂಡು ಪುಟಿದೇಳುವುದಿಲ್ಲ, ತಗ್ಗಿನಲ್ಲೇ ಜಾರಿ ಬರುತ್ತದೆ. ಸೊಂಟಕ್ಕಿಂತ ಕೆಳಗೆ ಬಂದ ಚೆಂಡಿಗೆ ತಮ್ಮ ಬ್ಯಾಕ್‌ಹ್ಯಾಂಡ್ ಯಾವತ್ತೂ ಸತ್ತೇ ಇತ್ತು. ಇಪ್ಪತ್ತಮೂರು ವರ್ಷ ಯಾರನ್ನೋ ದೂರುತ್ತ ಕೂರುವುದಕ್ಕಿಂತ ಅದನ್ನು ತಿದ್ದಿಕೊಂಡಿದ್ದರೆ ಆಗುತ್ತಿತ್ತು.

ಅಜ್ಜನ ಕಾಗದದ ಆಸೆ ಬಿಡಿ. ತಮ್ಮಂಥವರ ಕೈಗೆ ಕೊಡುವುದಕ್ಕಿಂತ ಒಲೆಗೆ ಹಾಕುತ್ತೇನೆ.

ಮಧ್ವರಾಜ

—

ನಿಲಾಯ್
20 ಏಪ್ರಿಲ್ 2024

ಸರ್,

ನಿಮ್ಮ ದೂರು ಬಂದು ತಲುಪಿತು. ಡೈರೆಕ್ಟರ್ ಮೇಡಂ ನನ್ನನ್ನು ಕೂರಿಸಲೂ ಇಲ್ಲ. “ಸ್ವಂತ ಜಗಳವನ್ನು ಮ್ಯೂಸಿಯಂ ಲೆಟರ್‌ಹೆಡ್ಡಿನಲ್ಲಿ ಬರೀತಾರಾ ಲಾ?” ಎಂದು ಇಲ್ಲಿನವರು ಮಾತಿನ ಕೊನೆಗೆ ಸೇರಿಸುವ ‘ಲಾ’ ಎಳೆದು ಕೇಳಿದರು. ಪ್ರದರ್ಶನದ ಕೆಲಸವನ್ನು ನನ್ನಿಂದ ತೆಗೆದು ಬೆಂಗಳೂರಿನ ಸಂಜಯ್ ಎಂಬುವರಿಗೆ ಕೊಟ್ಟಿದ್ದಾರೆ. ಕಂಪ್ಯೂಟರ್ ವಿಭಾಗದವರು, ಒಳ್ಳೆಯ ಮನುಷ್ಯ, ಟೆನಿಸ್ ಗೊತ್ತಿಲ್ಲ. ಮಧ್ಯಾಹ್ನ ಇಲ್ಲಿನ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ ರೊಟ್ಟಿ ತಿನ್ನುತ್ತ ಸಮಾಧಾನ ಹೇಳಿದರು: “ಬಿಡಿ ಮೇಡಂ, ನೂರ್ ವರ್ಷದ ಹಿಂದಿನ ಮ್ಯಾಚು. ಯಾರ್ ಸರಿದ್ರೋ ಯಾರ್ ಗೆದ್ರೋ, ಈಗ ಯಾರ್ ಕೇಳ್ತಾರೆ?”

ನೀವು ಕೇಳುತ್ತೀರಿ, ನಾನು ಕೇಳುತ್ತೇನೆ. ಆದ್ದರಿಂದ ಇದನ್ನು ಮನೆಯಿಂದ, ಬಿಳಿ ಹಾಳೆಯ ಮೇಲೆ ಬರೆಯುತ್ತಿದ್ದೇನೆ.

ದೂರಿನಲ್ಲಿ ಒಂದು ಮಾತು ಸರಿ. ನಾನು ಹಾಕಿದ ಷರತ್ತು ತಪ್ಪು. ಆದರೆ ನನ್ನ ತಪ್ಪು ಎಷ್ಟು ದೊಡ್ಡದು ಎಂಬುದು ನಿಮಗೆ ಗೊತ್ತಿಲ್ಲ. ನಾನೇ ಹೇಳುತ್ತೇನೆ.

ಆ ಕ್ಲಬ್ಬಿನ ಸಭೆಯ ನಡಾವಳಿ ಪುಸ್ತಕ ಜನವರಿಯಿಂದಲೂ ನನ್ನ ಬಳಿ ಇತ್ತು. ನಿಮಗೆ ಮೊದಲ ಪತ್ರ ಬರೆಯುವ ಎರಡು ವಾರ ಮೊದಲೇ ಓದಿದ್ದೆ. ಫೈನಲ್‌ನ ಹಿಂದಿನ ದಿನದ ಪುಟದಲ್ಲಿ ಹೀಗಿದೆ: “ನಾಳಿನ ಆಟ ನೋಡಲು ರೆಸಿಡೆಂಟ್ ದೊರೆಗಳು ಬರುತ್ತಿರುವುದರಿಂದ ಬಂದರಿನ ಗುಮಾಸ್ತನು ಅಂಗಳಕ್ಕಿಳಿಯುವುದು ಯೋಗ್ಯವಲ್ಲ. ಅವನ ಹೆಸರನ್ನು ತೆಗೆಯುವುದು. ಅಸ್ವಸ್ಥನೆಂದು ನೋಟಿಸ್ ಹಲಗೆಗೆ ಹಚ್ಚುವುದು.” ಕೆಳಗೆ ಐದು ಸಹಿ.

ಅಂದರೆ ನಿಮ್ಮ ಅಜ್ಜ ಹಿಂದೆ ಸರಿಯಲಿಲ್ಲ, ಅವರನ್ನು ತೆಗೆದುಹಾಕಿದರು. ಗೆಲ್ಲಲೂ ಇಲ್ಲ, ಅವರಿಗೆ ಆಡಲು ಬಿಡಲಿಲ್ಲ. ಇದು ಗೊತ್ತಿದ್ದೂ ನಾನು ಫಲಕದಲ್ಲಿ ಆ ಸುಳ್ಳನ್ನು ಹಾಗೇ ಇಟ್ಟು ನಿಮಗೆ ಬರೆದೆ. ಶನಿವಾರ ಶನಿವಾರ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ಅಜ್ಜನ ಕಥೆ ಹೇಳುತ್ತಿದ್ದಿರಲ್ಲ, ಆ ಅಜ್ಜನಿಗಾಗಿ ನೀವು ನನ್ನ ಬಳಿ ಬೇಡಿಕೊಳ್ಳುವುದನ್ನು ನೋಡಬೇಕಿತ್ತು. ಆ ಆಸೆ ನನಗೆ ನಾಚಿಕೆ ತರುತ್ತದೆ. ನಿಮ್ಮ ಮೇಲಿನ ಸಿಟ್ಟಿನ ಬಗ್ಗೆ ನನಗೆ ನಾಚಿಕೆಯಿಲ್ಲ.

ಆ ಪುಟವನ್ನು ಸಂಜಯ್‌ಗೆ ಕೊಟ್ಟಿದ್ದೇನೆ. ಫಲಕ ಬದಲಾಗಿದೆ, ಅಚ್ಚಿಗೂ ಹೋಗಿದೆ. ನೀವು ಏನೂ ಮಾಡಬೇಕಿಲ್ಲ. ಕಾಗದವನ್ನು ಒಲೆಗೆ ಹಾಕುವುದಾದರೆ ಹಾಕಿ. ಅಬ್ಬನ ಬಳಿಗೆ ಹೋಗುವುದು ಬಿಡುವುದು ನಿಮಗೆ ಬಿಟ್ಟದ್ದು. ನೀವು ಹೋಗುವವರಲ್ಲ ಎಂಬುದು ನನಗೆ ಗೊತ್ತು.

ಫರೀಹಾ

—

ಮಂಗಳೂರು
9 ಜೂನ್ 2024

ಫರೀಹಾ,

ಏಳು ವಾರ ಬರೆಯಲಿಲ್ಲ. ಬರೆಯಲು ಮನಸ್ಸಿರಲಿಲ್ಲ. ಆ ಐದು ಸಹಿಗಳ ವಿಷಯ ಓದಿದ ದಿನ ನಿನ್ನ ಪತ್ರವನ್ನು ಹರಿದು ಹಾಕಿದೆ. ಆಮೇಲೆ ಹೆಕ್ಕಿ ಜೋಡಿಸಿದೆ.

ಈ ಲಕೋಟೆಯಲ್ಲಿ ಅಜ್ಜನ ಕಾಗದವಿದೆ. ಪ್ರತಿ ಅಲ್ಲ, ಮೂಲ. ನನ್ನ ಅಪ್ಪನ ಕಾಲದಿಂದ ನಾವು ಅದನ್ನು ಹೊರಗಿನವರಿಗೆ ತೋರಿಸಿಲ್ಲ. ಏಕೆ ಎಂಬುದು ಓದಿದರೆ ತಿಳಿಯುತ್ತದೆ. ಅಜ್ಜ ಅಜ್ಜಿಗೆ ಬರೆದದ್ದು ಇದು: “ಜ್ವರವೆಂದು ಹೇಳತಕ್ಕದ್ದೆಂದು ಸೆಕ್ರೆಟರಿ ದೊರೆಗಳು ಅಪ್ಪಣೆ ಮಾಡಿದರು. ಹಾಗೆಯೇ ಹೇಳಿದೆನು. ಬರುವ ತಿಂಗಳಿನಿಂದ ಹೆಡ್ ಗುಮಾಸ್ತೆಯ ಕೆಲಸ ಆಗತಕ್ಕದ್ದಿದೆ. ಊರಿನಲ್ಲಿ ಕೇಳಿದವರಿಗೆ ಗೆದ್ದರೆಂದು ಹೇಳುವುದು.” ಊರಿನವರಿಗೆ ಅಜ್ಜಿ ಹಾಗೇ ಹೇಳಿದಳು. ಅಜ್ಜ ನನಗೂ ಹಾಗೇ ಹೇಳಿದರು. ನಾನು ನಿಮಗೆಲ್ಲ ಹೇಳಿದೆ. ಈ ಕಾಗದವನ್ನು ನಾನು ಮೊದಲು ಓದಿದ್ದು ಇಪ್ಪತ್ತನೆಯ ವಯಸ್ಸಿನಲ್ಲಿ. ಓದಿದ ಮೇಲೂ ಹೇಳುತ್ತಲೇ ಇದ್ದೆ.

ಇನ್ನು ನನ್ನ ವಿಷಯ. ಹನ್ನೊಂದು ವರ್ಷ ನಾನು ಪಡುಗುಡ್ಡೆ ಕ್ಲಬ್ಬಿನಲ್ಲಿ ತಾತ್ಕಾಲಿಕ ಕೋಚ್. ಸೆಕ್ರೆಟರಿ ಕರೆದು, “ಈ ಸಲ ಪೂರ್ವಿ ಹೋಗಲಿ. ಜನವರಿಯಲ್ಲಿ ನಿಮ್ಮನ್ನು ಖಾಯಂ ಮಾಡುವ” ಎಂದರು. ಸರ್ಟಿಫಿಕೇಟ್ ಬರೆದ ಡಾಕ್ಟರು ನನ್ನ ಜೊತೆ ಓದಿದವರು, ಈಗ ಇಲ್ಲ. ಪೂರ್ವಿ ಮೊದಲ ಸುತ್ತಿನಲ್ಲಿ ಎರಡೇ ಗೇಮ್ ಗೆದ್ದು ಸೋತು ಬಂದಳು. ನಾನು ಖಾಯಂ ಆದೆ. ಊಟ ಬಿಟ್ಟದ್ದು ನಿಜ. ಒಂದು ಹೊತ್ತಿನದು.

ಮೇ ಇಪ್ಪತ್ತೇಳರಂದು ಬಂದರಿಗೆ ಹೋದೆ. ನಿನ್ನ ಅಪ್ಪನ ಅಂಗಡಿಯ ಮುಂದೆ ಮೂರು ಸಲ ಹಾದುಹೋದೆ. ನಾಲ್ಕನೆಯ ಸಲ ಅವರೇ ಕರೆದರು. “ಮೇಷ್ಟ್ರಲ್ವಾ? ಏನು, ದಾರಿ ತಪ್ಪಿದ್ದಾ?” ಕೂತಲ್ಲೇ ದೋಣಿಯ ಹಗ್ಗ ಹೆಣೆಯುತ್ತಿದ್ದರು. ನಿಂತುಕೊಂಡೇ ಹೇಳಿದೆ. ಸರ್ಟಿಫಿಕೇಟ್ ಸುಳ್ಳು, ಹುಡುಗಿ ಹೇಳಿದ್ದು ನಿಜ, ನಾನು ಕೆಲಸದ ಆಸೆಗೆ ಮಾಡಿದೆ ಎಂದೆ.

ಅವರು ಹಗ್ಗ ಕೆಳಗಿಡಲಿಲ್ಲ.

“ಆ ದಿನ ನೀವು ಹೇಳಿದ್ದು ನಂಬಿದೆ. ಇವತ್ತು ಹೇಳುದನ್ನು ಯಾಕೆ ನಂಬಬೇಕು?” ಎಂದು ಕೇಳಿದರು. “ಮಗಳು ಹೇಳಿ ಕಳಿಸಿದ್ದಾ?”

ಮನೆಗೆ ಬಂದು, ಮರುದಿನ ಬೆಳಿಗ್ಗೆ ಆ ವರ್ಷದ ನನ್ನ ಕೋಚಿಂಗ್ ಡೈರಿ ತೆಗೆದುಕೊಂಡು ಮತ್ತೆ ಹೋದೆ. ನೀನು ರೈಲು ಹತ್ತಬೇಕಿದ್ದುದರ ಹಿಂದಿನ ದಿನದ ಪುಟ ತೆಗೆದು ಅವರ ಮುಂದೆ ಹಿಡಿದೆ. ನನ್ನದೇ ಕೈಬರಹ: “ಫರೀಹಾ, ಎರಡೂವರೆ ಗಂಟೆ ಅಭ್ಯಾಸ. ಸರ್ವ್ ನೂರ ಇಪ್ಪತ್ತು ಸಲ. ನೋವಿಲ್ಲ. ತಗ್ಗಿನ ಬ್ಯಾಕ್‌ಹ್ಯಾಂಡ್ ಈಗ ಬಹಳ ಚೆನ್ನಾಗಿದೆ.”

ಅವರು ಕನ್ನಡಕ ಹಾಕಿಕೊಂಡು ಓದಿದರು. ಬೆರಳಿಟ್ಟು ಇನ್ನೊಮ್ಮೆ ಓದಿದರು. ಡೈರಿ ಮುಚ್ಚಿ ನನ್ನ ಕೈಗೆ ಕೊಡದೆ ತಮ್ಮ ಪಕ್ಕದಲ್ಲೇ ಇಟ್ಟುಕೊಂಡರು.

“ಇದು ಇಲ್ಲೇ ಇರಲಿ. ನೀವು ಹೋಗಿ” ಎಂದರು. “ಈ ಕಡೆ ಇನ್ನು ಬರುದು ಬೇಡ.”

ಬಂದೆ. ಅಷ್ಟೇ.

ನಿನ್ನ ಬ್ಯಾಕ್‌ಹ್ಯಾಂಡ್ ಬಗ್ಗೆ ಮಾರ್ಚ್‌ನಲ್ಲಿ ಬರೆದದ್ದು ಸುಳ್ಳು. ಆದರೆ ನೀನು ಹೆಸರು ಮುಚ್ಚಿಟ್ಟು, ನಾನು ಸ್ವಂತ ಕೈಯಿಂದ ಸುಳ್ಳು ಬರೆಯುವುದನ್ನು ಕಾದು ಕೂತಿದ್ದೆಯಲ್ಲ, ಅದನ್ನು ನಾನು ಮರೆಯುವುದಿಲ್ಲ. ನೀನು ಮಾಡಿದ್ದು ನ್ಯಾಯ ಎಂದು ಯಾವತ್ತೂ ಒಪ್ಪುವುದಿಲ್ಲ. ನಾನು ಬಂದರಿಗೆ ಹೋದದ್ದು ನಿನಗಾಗಿ ಎಂದೂ ತಿಳಿಯಬೇಡ. ಆ ಐದು ಸಹಿ ಓದಿದ ಮೇಲೆ ನಿನ್ನ ಹೆಸರು ತೆಗೆಸಲು ನಾನು ಹಾಕಿದ ಸಹಿ ನನ್ನ ಕಣ್ಣಿಗೆ ಚುಚ್ಚುತ್ತಿತ್ತು.

ಅಜ್ಜನ ಕಾಗದವನ್ನು ಗೋಡೆಗೆ ಹಾಕುವುದಾದರೆ ಪೂರ್ತಿ ಹಾಕು. ಹೆಡ್ ಗುಮಾಸ್ತೆಯ ಸಾಲನ್ನು ಮುಚ್ಚಬೇಡ.

ಮಧ್ವರಾಜ

—

ನಿಲಾಯ್
26 ಜೂನ್ 2024

ಸರ್,

ಕಾಗದ ತಲುಪಿತು. ಪ್ರದರ್ಶನ ಶುರುವಾಗಿ ಎರಡು ವಾರವಾಗಿದೆ. ಸಂಜಯ್ ಹೇಳಿ ಒಂದು ಗಾಜಿನ ಪೆಟ್ಟಿಗೆ ಮಾಡಿಸಿದರು. ಕಾಗದವನ್ನು ನಡಾವಳಿ ಪುಸ್ತಕದ ಪಕ್ಕದಲ್ಲಿ ಇಟ್ಟಿದ್ದೇವೆ. ಪೂರ್ತಿ ಕಾಣುತ್ತದೆ, ಕೆಳಗೆ ಮಲಯ್ ಮತ್ತು ಇಂಗ್ಲಿಷ್ ಅನುವಾದವಿದೆ. ಮೊನ್ನೆ ಕ್ಲಾಂಗ್‌ನಿಂದ ಬಂದಿದ್ದ ಒಬ್ಬ ವಯಸ್ಸಾದ ತಮಿಳು ಹೆಂಗಸು ಅದನ್ನು ಓದಿ, “ಪಾಪ, ಕೆಲಸ ಬೇಕಿತ್ತಲ್ಲ” ಎಂದರು. ಅವರ ಜೊತೆಗಿದ್ದ ಮಗಳು, “ಹಾಗಂತ ಗೆದ್ದೆ ಅಂತ ಯಾಕೆ ಹೇಳ್ಬೇಕಿತ್ತು?” ಎಂದಳು. ಇಬ್ಬರೂ ಜಗಳವಾಡುತ್ತಲೇ ಮುಂದೆ ಹೋದರು. ಮೂಲವನ್ನು ಪ್ರದರ್ಶನ ಮುಗಿದ ಮೇಲೆ ಮ್ಯೂಸಿಯಂ ವತಿಯಿಂದ ಹಿಂದಿರುಗಿಸುತ್ತಾರೆ.

ನಾನು ನಿಮ್ಮನ್ನು ಕ್ಷಮಿಸಿಲ್ಲ. ನೀವು ಕೇಳಲೂ ಇಲ್ಲ, ಅದು ಒಳ್ಳೆಯದೇ ಆಯಿತು. ನಾನು ಮಾಡಿದ್ದು ನ್ಯಾಯವಲ್ಲ ಎಂದು ನೀವು ಬರೆದದ್ದನ್ನು ಒಪ್ಪುತ್ತೇನೆ. ಇದು ನನ್ನ ಕೊನೆಯ ಪತ್ರ. ಉತ್ತರ ಬರೆಯಬೇಡಿ.

ಅಬ್ಬನ ವಿಷಯ ನಿಮಗೆ ತಿಳಿಸಬೇಕಾಗಿಲ್ಲ. ಆದರೂ ಬರೆಯುತ್ತೇನೆ.

ಮೇ 31, ಶುಕ್ರವಾರ, ನಮಾಜ್ ಮುಗಿಸಿ ಅವರು ಫೋನ್ ಮಾಡಿದರು. “ಮೇಷ್ಟ್ರು ಬಂದಿದ್ರು” ಎಂದರು. ಆಮೇಲೆ, “ನಾನು ಕಾಗದ ನಂಬಿದ್ದು ಮಗಳೇ. ನಿನ್ನನ್ನು ನಂಬ್ಲಿಲ್ಲ” ಎಂದು ಹೇಳಿ ಫೋನ್ ಇಟ್ಟುಬಿಟ್ಟರು. ನಾನು ತಿರುಗಿ ಮಾಡಿದರೆ ಎತ್ತಲಿಲ್ಲ. ಶನಿವಾರವೂ ಎತ್ತಲಿಲ್ಲ.

ಭಾನುವಾರ ಬೆಳಿಗ್ಗೆ ಅವರೇ ಮತ್ತೆ ಮಾಡಿದರು. ಸಲಾಂ ಹೇಳಿದವರೇ ಕೇಳಿದರು: “ಕಲ್ಕತ್ತದಲ್ಲಿ ನಿಂಗೆ ಮೊದಲ ಮ್ಯಾಚು ಯಾರ ಜೊತೆ ಇತ್ತು?”

ಪುಣೆಯ ಹುಡುಗಿ, ಎಡಗೈ ಆಟಗಾರ್ತಿ ಎಂದೆ. ಎಡಗೈಯವರ ಸರ್ವ್ ಯಾವ ಕಡೆ ತಿರುಗುತ್ತದೆ ಎಂದು ಕೇಳಿದರು. ಹೇಳಿದೆ. ನೀನು ಎಲ್ಲಿ ನಿಂತುಕೊಳ್ಳುತ್ತಿದ್ದೆ ಎಂದರು. ಅದನ್ನೂ ಹೇಳಿದೆ. ಹುಲ್ಲು ಒದ್ದೆ ಇದ್ದರೆ? ಗಾಳಿ ಇದ್ದರೆ? ಮೊದಲ ಸೆಟ್ ಸೋತಿದ್ದರೆ ಏನು ಮಾಡುತ್ತಿದ್ದೆ? ಆ ಮ್ಯಾಚನ್ನು ನಾವಿಬ್ಬರೂ ಪಾಯಿಂಟ್ ಪಾಯಿಂಟ್ ಆಗಿ ಆಡಿದೆವು. ಒಂದು ಕಡೆ ಅಬ್ಬ, “ಇಲ್ಲ, ಅದು ಔಟು” ಎಂದು ಪಟ್ಟು ಹಿಡಿದರು. ಔಟ್ ಅಲ್ಲ ಎಂದೆ. “ಸರಿ, ನೀನು ಹೇಳಿದ ಮೇಲೆ ಔಟ್ ಅಲ್ಲ” ಎಂದರು. ಅಡುಗೆಮನೆಯಲ್ಲಿ ಚಹಾ ಆರಿಹೋಗಿತ್ತು. ಅಸದ್ ಬಂದು ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿ ಸದ್ದಿಲ್ಲದೆ ಹೊರಟುಹೋದರು.

ಒಂದು ಗಂಟೆ ನಲವತ್ತು ನಿಮಿಷ ಮಾತಾಡಿದೆವು. ನಿಮ್ಮ ಹೆಸರು ಒಂದು ಸಲವೂ ಬರಲಿಲ್ಲ.

ಫರೀಹಾ